ಶೇಖ್ ಅಯಾಜ್ ಯಾವ ದೇಶದ ಕವಿ?

ಪ್ರಶ್ನೆ: 1965ರ ಯುದ್ಧ ನಡೆದಾಗ ಪಾಕಿಸ್ತಾನದ ಕವಿಯೊಬ್ಬರು ಭಾರತದಲ್ಲಿದ್ದ ಗೆಳೆಯ ಕವಿಯ ಮೇಲೆ ಪ್ರೀತಿಯಿಂದ ಕವಿತೆ ಬರೆದು ದೇಶದ್ರೋಹಿ ಅನ್ನಿಸಿಕೊಂಡರೆಂದು ಎಲ್ಲೋ ಓದಿದ್ದೆ. ಹೆಸರು ಶೇಖ್ ಅಯಾಜ್. ಅವರು ಭಾರತದ ಪರ ಇದ್ದವರೇ? ಅಲ್ಲಿಯೇ ಬದುಕುತ್ತಾ ಹಾಗೆ ಬರೆಯುವ ಧೈರ್ಯ ಹೇಗೆ ಬಂತು? ಅವರನ್ನು ಓದಬೇಕೆಂದರೆ ಎಲ್ಲಿಂದ ಶುರು ಮಾಡಲಿ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಭಾರತದ ಪರ ಇದ್ದವರಲ್ಲ. ಅಯಾಜ್ ಸಿಂಧ್ ಪರ ಇದ್ದವರು. ಅವರ ಮೇಲೆ ಬಂದ ಆಪಾದನೆ, ನಿಷೇಧ, ಜೈಲು ಎಲ್ಲದರ ಬೇರು ಅಲ್ಲಿಯೇ ಇದೆ. ಗಡಿಗೆರೆಯ ಆಚೆ ನಿಂತವರಿಗೆ ಅವರು ದ್ರೋಹಿಯಾಗಿ ಕಂಡರು, ಈಚೆ ನಿಂತ ನಮ್ಮಲ್ಲಿ ಕೆಲವರಿಗೆ ‘ನಮ್ಮವರು’ ಅನ್ನಿಸಿದರು. ಇಬ್ಬರೂ ಅವರ ಕವಿತೆಗಳನ್ನು ಸರಿಯಾಗಿ ಓದಿದಂತೆ ಕಾಣುವುದಿಲ್ಲ.

ಮೊದಲು ಊರು, ಹೆಸರು. ಮುಬಾರಕ್ ಅಲಿ ಶೇಖ್ ಹುಟ್ಟಿದ್ದು 1923ರ ಮಾರ್ಚ್‌ನಲ್ಲಿ, ಉತ್ತರ ಸಿಂಧ್‌ನ ಶಿಕಾರಪುರದಲ್ಲಿ. (ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಬೇರೆ.) ‘ಅಯಾಜ್’ ಎಂಬುದು ಕಾವ್ಯನಾಮ. ಈ ಶಿಕಾರಪುರ ಸಣ್ಣ ಊರಾದರೂ ಅಲ್ಲಿನ ಹಿಂದೂ ಸಾಹುಕಾರರ ಹುಂಡಿ ಬುಖಾರಾ, ಸಮರ್‌ಕಂದ್‌ವರೆಗೆ ನಡೆಯುತ್ತಿತ್ತು. ಬಿಸಿಲು ತಾಕದಂತೆ ಮೇಲೆ ಚಪ್ಪರ ಹಾಸಿದ ಉದ್ದನೆಯ ಬಜಾರು, ದೇಶಾಂತರಕ್ಕೆ ಹೋಗುವ ಉಪ್ಪಿನಕಾಯಿ, ಹೊಳೆಯಾಚೆ ಈಚೆ ಎರಡೂ ಧರ್ಮದವರು ನಡೆದುಕೊಳ್ಳುವ ದರ್ಗಾಗಳು, ದರಬಾರುಗಳು. ಹುಡುಗ ಮುಬಾರಕ್‌ಗೆ ಕವಿತೆಯ ರುಚಿ ಹತ್ತಿಸಿದ ಮೇಷ್ಟರು ಖಿಯಲ್‌ದಾಸ್ ಫಾನಿ, ಸ್ವತಃ ಕವಿ. ದೇಶ ಹೋಳಾದ ಮೇಲೆ ಅವರು ಭೋಪಾಲದಲ್ಲಿ ನೆಲೆ ನಿಂತರು. ಶಿಷ್ಯ ಊರಲ್ಲೇ ಉಳಿದ. ಮುಂದೆ ಅಯಾಜರ ಬರವಣಿಗೆಯಲ್ಲಿ ಬರುವ ಗಡಿ, ಅಗಲಿಕೆ, ಎದುರು ಸಾಲಿನಲ್ಲಿ ನಿಂತ ಗೆಳೆಯ ಇವೆಲ್ಲ ಪುಸ್ತಕದಿಂದ ಕಲಿತದ್ದಲ್ಲ. ಗುರುವೇ ಗಡಿ ದಾಟಿ ಹೋಗಿದ್ದರು.

ಹುಬ್ಬಳ್ಳಿಯಿಂದ ಬರೆದಿದ್ದೀರಿ, ಆದ್ದರಿಂದ ಒಂದು ಮಾತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಯ ಜಿಲ್ಲೆಗಳೂ ಸಿಂಧ್ ಕೂಡ ಒಂದು ಕಾಲಕ್ಕೆ ಒಂದೇ ಮುಂಬಯಿ ಪ್ರಾಂತ್ಯದ ಪಾಲು. ಮುಂಬಯಿಯಿಂದ ಆಳುವವರಿಗೆ ತಮ್ಮ ಕಷ್ಟ ತಿಳಿಯುವುದಿಲ್ಲವೆಂಬ ದೂರು ಎರಡೂ ಕಡೆ ಇತ್ತು. ಸಿಂಧಿಗಳು 1936ರ ಏಪ್ರಿಲ್ 1ರಂದು ಬಿಡಿಸಿಕೊಂಡು ಬೇರೆ ಪ್ರಾಂತ್ಯವಾದರು. ನಾವು ಇನ್ನೂ ಇಪ್ಪತ್ತು ವರ್ಷ ಕಾಯಬೇಕಾಯಿತು. ವಿಚಿತ್ರ ನೋಡಿ, 1956ರ ನವೆಂಬರ್ 1ಕ್ಕೆ ನಮಗೆ ಭಾಷೆಯ ಮೇಲೆ ರಾಜ್ಯ ಸಿಗುವ ಹೊತ್ತಿಗೆ, ಅವರು ಮೊದಲೇ ಗಳಿಸಿಕೊಂಡಿದ್ದ ಪ್ರಾಂತ್ಯವನ್ನು ಕಳೆದುಕೊಂಡು ವರ್ಷ ದಾಟಿತ್ತು.

ಆ ಕಳೆದುಕೊಂಡ ಕಥೆ ತಿಳಿಯದೆ ಅಯಾಜ್ ಅರ್ಥವಾಗುವುದಿಲ್ಲ. ಪಾಕಿಸ್ತಾನ ಬೇಕೆಂದು ಮೊಟ್ಟಮೊದಲು ಠರಾವು ಮಾಡಿದ ಪ್ರಾಂತೀಯ ವಿಧಾನಸಭೆ ಸಿಂಧ್‌ನದೇ. 1943ರ ಮಾರ್ಚ್‌ನಲ್ಲಿ ಅದನ್ನು ಮಂಡಿಸಿದವರು ಜಿ.ಎಂ. ಸೈಯದ್. ಅದೇ ಸೈಯದ್ ಮುಂದೆ ಸಿಂಧಿ ರಾಷ್ಟ್ರವಾದದ ಹಿರಿಯರಾಗಿ, ‘ಜಿಯೇ ಸಿಂಧ್’ ಎಂದು ಸಂಘಟನೆ ಕಟ್ಟಿ, 1972ರ ಹೊತ್ತಿಗೆ ಸಿಂಧೂದೇಶ ಬೇಕೆಂದು ಕೇಳಿ, ಬಾಳಿನ ಹಲವು ವರ್ಷ ಬಂಧನದಲ್ಲೇ ಕಳೆದು 1995ರಲ್ಲಿ ತೀರಿಕೊಂಡರು. ನಡುವೆ ಆದದ್ದೇನು? 1948ರಲ್ಲಿ ಕರಾಚಿಯನ್ನು ಸಿಂಧ್‌ನಿಂದ ಕತ್ತರಿಸಿ ಕೇಂದ್ರದ ವಶಕ್ಕೆ ತೆಗೆದುಕೊಂಡರು. ಹಿಂದೂ ಸಿಂಧಿಗಳು ಲಕ್ಷಗಟ್ಟಲೆ ಹೊರಟುಹೋದರು. ಅವರೊಂದಿಗೆ ಮೇಷ್ಟರು, ವಕೀಲರು, ಪ್ರಕಾಶಕರು, ಅಚ್ಚುಕೂಟಗಳೂ ಹೋದವು. ಭಾರತದಿಂದ ಬಂದ ಮುಹಾಜಿರರ, ಎಂದರೆ ವಲಸಿಗರ ಮಾತು ಉರ್ದು, ಸರ್ಕಾರದ ಮಾತೂ ಉರ್ದು. 1955ರ ಅಕ್ಟೋಬರ್ 14ರಂದು ‘ಒನ್ ಯೂನಿಟ್’ ಜಾರಿಗೆ ಬಂತು. ಪಂಜಾಬ್, ಸಿಂಧ್, ಸರಹದ್ದು ಪ್ರಾಂತ್ಯ, ಬಲೂಚಿಸ್ತಾನದ ಸೀಮೆಗಳೆಲ್ಲ ಕರಗಿ ‘ಪಶ್ಚಿಮ ಪಾಕಿಸ್ತಾನ’ ಎಂಬ ಒಂದೇ ಪ್ರಾಂತ್ಯವಾಯಿತು. ರಾಜಧಾನಿ ಲಾಹೋರ್. ಪೂರ್ವದ ಬಂಗಾಳಿಗಳ ಸಂಖ್ಯೆಗೆ ಸರಿಸಮ ತೂಗಲು ಪಶ್ಚಿಮವನ್ನು ಒಂದೇ ಗಂಟು ಕಟ್ಟಿದರು ಎಂಬುದು ರಾಜಕೀಯ. ಸಿಂಧಿಗೆ ಮಾತ್ರ ಕಂಡದ್ದು ನಕಾಶೆಯಿಂದ ತನ್ನ ನಾಡಿನ ಹೆಸರು ಅಳಿಸಿಹೋದದ್ದು. ಕಾಗದದ ವಿಳಾಸದಲ್ಲಿ ‘ಸಿಂಧ್’ ಎಂದು ಬರೆಯುವುದೂ ಸರ್ಕಾರದ ಕಣ್ಣಿಗೆ ಚುಚ್ಚುತ್ತಿತ್ತು ಎಂದು ಆ ಕಾಲದವರು ನೆನೆಯುತ್ತಾರೆ.

ಹೊಟ್ಟೆಯ ಪ್ರಶ್ನೆಯೂ ಇತ್ತು. ಸಿಂಧೂ ನದಿಗೆ ಸುಕ್ಕೂರಿನಲ್ಲಿ 1932ರಲ್ಲೇ ಬ್ಯಾರೇಜು ಕಟ್ಟಿಯಾಗಿತ್ತು. 1955ರಲ್ಲಿ ಕೋಟ್ರಿಯದು, 1962ರಲ್ಲಿ ಗುಡ್ಡುವಿನದು. ನೀರು ಬಂದ ಹೊಸ ಜಮೀನು ತಲತಲಾಂತರದಿಂದ ಉತ್ತು ಬಂದ ಹಾರಿಗೆ, ಎಂದರೆ ಗೇಣಿದಾರನಿಗೆ ಸಿಗುವ ಬದಲು ದೊಡ್ಡ ಪಾಲು ಹೊರಗಿನ ಸೈನ್ಯಾಧಿಕಾರಿಗಳಿಗೆ, ನೌಕರಶಾಹಿಗೆ ಹೋಯಿತು. ಹಾರಿಯ ಮೇಲೆ ವಡೇರೋ, ಎಂದರೆ ಜಮೀನ್ದಾರ. ಅವನ ಮೇಲೆ ಲಾಹೋರಿನ ಕಚೇರಿ. ಸಾಲದ್ದಕ್ಕೆ 1957ರ ಸುಮಾರಿಗೆ ಕರಾಚಿ ವಿಶ್ವವಿದ್ಯಾಲಯದಲ್ಲಿ ಸಿಂಧಿಯಲ್ಲಿ ಪರೀಕ್ಷೆ ಬರೆಯುವ ಅವಕಾಶವೂ ಮುಚ್ಚಿತು. ಅಯಾಜರ ಒಳ್ಳೆಯ ಕವಿತೆಗಳು ಹುಟ್ಟಿದ್ದು ಈ ಹದಿನೈದು ವರ್ಷಗಳಲ್ಲಿ, 1955ರಿಂದ 1970ರವರೆಗೆ.

ಆ ಹೊತ್ತಿಗೆ ಅವರು ಸುಕ್ಕೂರಿನಲ್ಲಿ ವಕೀಲಿ ಮಾಡುತ್ತಿದ್ದರು. ಹೆಸರಾದ ವಕೀಲರು. ಕವಿ ಎಂದರೆ ಹಸಿದ ಹೊಟ್ಟೆ, ಕೆದರಿದ ತಲೆ ಎಂದುಕೊಂಡವರಿಗೆ ನಿರಾಸೆಯಾದೀತು. ಬರವಣಿಗೆ ಶುರುವಾದದ್ದು ಕಥೆಗಳಿಂದ. ‘ಸಫೇದ್ ವಹಶಿ’ ಎಂಬ ಸಂಕಲನವಿದೆ. ಮೊದಲ ಕವನ ಸಂಕಲನವೋ ಉರ್ದುವಿನದು, 1954ರ ‘ಬೂ-ಎ-ಗುಲ್ ನಾಲಾ-ಎ-ದಿಲ್’. ಉರ್ದುವಿನಲ್ಲೇ ಬರೆದಿದ್ದರೆ ಲಾಹೋರ್, ಕರಾಚಿ, ದಿಲ್ಲಿಯ ಮುಶಾಯಿರಾಗಳಲ್ಲಿ ಕುರ್ಚಿ ಇತ್ತು, ಚಪ್ಪಾಳೆ ಇತ್ತು. ಒನ್ ಯೂನಿಟ್ ಬಂದ ಕಾಲಕ್ಕೇ ಅವರು ಸಿಂಧಿಗೆ ಪೂರ್ತಿ ತಿರುಗಿದ್ದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ಎಲ್ಲರೂ ದೊಡ್ಡ ಭಾಷೆಯ ಕಡೆ ಹೋಗುವ ಕಾಲದಲ್ಲಿ ಅವರು ಚಿಕ್ಕದರ ಕಡೆ ಬಂದರು. ಅವರ ಮೊದಲ ಪ್ರತಿಭಟನೆ ಎಂದು ನಾನು ಎಣಿಸುವುದು ಇದನ್ನೇ, ಯಾವ ಕವಿತೆಯನ್ನೂ ಅಲ್ಲ.

ಸಿಂಧಿಗೆ ಬಂದ ಮೇಲೆ ಮಾಡಿದ್ದೇನು ಎಂಬುದು ಇನ್ನೂ ಮುಖ್ಯ. ಸಿಂಧಿ ಕಾವ್ಯದ ಮೂಲಪುರುಷ ಶಾ ಅಬ್ದುಲ್ ಲತೀಫ್ ಭಿಟ್ಟಾಯಿ, 1689ರಿಂದ 1752ರವರೆಗೆ ಬಾಳಿದ ಸೂಫಿ. ಅವರ ‘ಶಾಹ್ ಜೋ ರಿಸಾಲೋ’ ಸುರ್‌ಗಳಾಗಿ, ಎಂದರೆ ಬೇರೆ ಬೇರೆ ರಾಗ, ಬೇರೆ ಬೇರೆ ಕಥೆಯ ಅಧ್ಯಾಯಗಳಾಗಿ ಹರಡಿಕೊಂಡಿದೆ. ಅದರಲ್ಲಿ ಎರಡು ಪ್ರಕಾರ: ‘ಬೈತ್’ ಮತ್ತು ‘ವಾಈ’. ಬೈತ್ ದೋಹಾದ ನೆಂಟ. ಆದರೆ ಕೊನೆಯ ಸಾಲಿನ ಪ್ರಾಸ ಸಾಲಿನ ತುದಿಗೆ ಬೀಳದೆ ನಡುವಿಗೆ ಬೀಳುತ್ತದೆ. ಕೇಳುವವನು ತುದಿಯಲ್ಲಿ ಕಾಯುತ್ತಿರುವಾಗ ಪ್ರಾಸ ಆಗಲೇ ಬಂದು ಹೋಗಿರುತ್ತದೆ. ವಾಈ ಪಲ್ಲವಿಯುಳ್ಳ ಹಾಡು, ಸುರ್ ಮುಗಿಯುವಾಗ ಎಲ್ಲರೂ ಸೇರಿ ಹಾಡುವಂಥದ್ದು. ಭಿಟ್ ಶಾಹ್‌ನ ದರ್ಗಾದಲ್ಲಿ ಕರಿಯುಡುಗೆಯ ಫಕೀರರು ಐದು ತಂತಿಯ ದಂಬೂರೋ ಹಿಡಿದು ಇವತ್ತಿಗೂ ರಾತ್ರಿ ಇವನ್ನು ಹಾಡುತ್ತಾರೆ, ದನಿಯನ್ನು ಹೆಣ್ಣಿನ ದನಿಯಷ್ಟು ಎತ್ತರಕ್ಕೆ ಎಳೆದು. ಲತೀಫರ ನಾಯಕಿಯರ ಗೋಳು ಅವರ ಗಂಟಲಿನಲ್ಲಿ ಬರಬೇಕಲ್ಲ.

ಇಪ್ಪತ್ತನೆಯ ಶತಮಾನಕ್ಕೆ ಈ ಪ್ರಕಾರಗಳು ದರ್ಗಾದ ಸೊತ್ತಾಗಿದ್ದವು. ‘ಸಾಹಿತ್ಯ’ ಎಂದರೆ ಫಾರ್ಸಿ ಛಂದಸ್ಸಿನ ಗಜಲ್. ಗುಲಾಬಿ, ಬುಲ್‌ಬುಲ್, ಶರಾಬು, ಸಾಕಿ. ಸಿಂಧ್‌ನ ಮರಳಿನಲ್ಲಿ ಬೆಳೆಯದ ಹೂವು, ಹಾಡದ ಹಕ್ಕಿ. ಅಯಾಜ್ ಬೈತ್ ಮತ್ತು ವಾಈಗಳನ್ನು ದರ್ಗಾದಿಂದ ರಾಜಕೀಯ ಸಭೆಗೆ ಕರೆತಂದರು. ಗಜಲ್ ಬಿಡಲಿಲ್ಲ, ಮುಕ್ತಛಂದವನ್ನೂ ಬರೆದರು, ಹಾಯ್ಕುವನ್ನೂ ಬರೆದರು. ಗಜಲ್‌ಗೆ ಕೂಡ ಸಿಂಧ್‌ನ ಮರ, ಮಣ್ಣು, ಕೆರೆ, ಮಳೆಯ ಹೆಸರುಗಳನ್ನು ತೊಡಿಸಿದರು. ಜನರ ನಾಲಗೆಗೆ ಹತ್ತಿದ್ದು ಮಾತ್ರ ವಾಈಗಳು. ಕಾರಣ ಸರಳ: ಪುಸ್ತಕವನ್ನು ಜಪ್ತಿ ಮಾಡಬಹುದು, ಸಂಜೆ ಹೊತ್ತು ಓತಾಕಿನಲ್ಲಿ (ಗಂಡಸರು ಕೂಡುವ ಹೊರಕೋಣೆ) ಹಾಡುವವನ ಬಾಯಿಂದ ಕಿತ್ತುಕೊಳ್ಳಲಾಗದು. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಓದು ಬಾರದ ನಾಡಿನಲ್ಲಿ ನಿಷೇಧ ಹೇರಿದ ಸರ್ಕಾರಕ್ಕೆ ಇದು ಹೊಳೆದಂತಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ, ಇಡೀ ಉಪಾಯ ಅದರಲ್ಲಿದೆ. ಲತೀಫರ ರಿಸಾಲೋದಲ್ಲಿ ಮಾರುಈ ಎಂಬವಳ ಕಥೆ ಇದೆ. ಥಾರ್ ಮರುಭೂಮಿಯ ಬಡ ಕುರಿಗಾಹಿಗಳ ಹುಡುಗಿ. ಉಮರ್‌ಕೋಟೆಯ ದೊರೆ ಉಮರ್ ಅವಳನ್ನು ಬಾವಿಯ ಕಟ್ಟೆಯಿಂದ ಎತ್ತಿಕೊಂಡು ಹೋಗಿ ಕೋಟೆಯಲ್ಲಿಡುತ್ತಾನೆ. ರೇಷ್ಮೆ ಕೊಡುತ್ತಾನೆ, ಮದುವೆಯಾಗೆನ್ನುತ್ತಾನೆ. ಅವಳು ಉಟ್ಟು ಬಂದ ಒರಟು ಉಣ್ಣೆಯ ಹೊದಿಕೆಯನ್ನು ಬಿಡುವುದಿಲ್ಲ, ತಲೆ ಬಾಚುವುದಿಲ್ಲ, ತನ್ನ ಮಾರೂ ಜನರ ಕಡೆ ಮುಖ ಮಾಡಿ ಅಳುತ್ತಾಳೆ. ಸೂಫಿಗಳಿಗೆ ಇದು ಜೀವಾತ್ಮ ಪರಮಾತ್ಮನಿಗಾಗಿ ಹಂಬಲಿಸುವ ರೂಪಕ. ಒನ್ ಯೂನಿಟ್ ಕಾಲದಲ್ಲಿ ಅದೇ ಹೆಸರನ್ನು ಕವಿ ಸುಮ್ಮನೆ ಉಚ್ಚರಿಸಿದರೆ ಸಾಕು, ಕೋಟೆ ಯಾವುದು, ಕೋಟೆಯ ಒಡೆಯ ಯಾರು, ಬೇಡವೆಂದು ತಳ್ಳಬೇಕಾದ ರೇಷ್ಮೆ ಯಾವುದು ಎಂದು ಹಾರಿಗೂ ಗೊತ್ತಾಗುತ್ತದೆ. ಪೊಲೀಸಿನವನು ಏನೆಂದು ಬರೆದುಕೊಳ್ಳಬೇಕು? ಇನ್ನೂರು ವರ್ಷದ ಹಿಂದಿನ ಸಂತನ ಕಥೆಯನ್ನೇ ಹೇಳುತ್ತಿದ್ದಾನೆ ಎಂದೇ? ಅಯಾಜ್ ಲತೀಫರನ್ನು ರಾಜಕೀಯ ಕವಿಯಾಗಿ ತಿರುಚಿದರು ಎಂಬ ದೂರು ಇದೆ. ನನಗೆ ಅದು ಹಾಗೆ ಕಾಣುವುದಿಲ್ಲ. ಅಪಹರಣವಾದ ಹುಡುಗಿಯ ಕಥೆ ಮೊದಲಿಗೆ ಅಪಹರಣವಾದ ಹುಡುಗಿಯ ಕಥೆಯೇ. ಆತ್ಮ, ಪರಮಾತ್ಮ ಆಮೇಲೆ ಬಂದವರು.

ಬೇರೆ ಕಥೆಗಳನ್ನೂ ಹೀಗೆಯೇ ಎತ್ತಿಕೊಂಡರು. ‘ದೋದೋ ಸೂಮ್ರೋನ ಸಾವು’ ಎಂಬ ಗೀತನಾಟಕ ಅಲಾವುದ್ದೀನ್ ಖಿಲ್ಜಿಯ ಸೈನ್ಯಕ್ಕೆ ಮಣಿಯದೆ ಸತ್ತ ಸಿಂಧಿ ದೊರೆಯದು. ಆ ಸೈನ್ಯವನ್ನು ಕರೆತಂದವನು ಅವನ ಮಲತಾಯಿಯ ಮಗ ಚನೇಸರ್. ಅಧಿಕಾರಕ್ಕಾಗಿ ಹೊರಗಿನವರ ಬಾಗಿಲು ಬಡಿಯುವ ಚನೇಸರರು 1960ರ ದಶಕದ ಸಿಂಧ್‌ನಲ್ಲೂ ಕಡಿಮೆ ಇರಲಿಲ್ಲ. ಇನ್ನೊಂದು ಗೀತನಾಟಕ ಭಗತ್ ಸಿಂಗನ ಗಲ್ಲಿನ ಮೇಲೆ. ಲಾಹೋರಿನಲ್ಲಿ ಗಲ್ಲಿಗೇರಿದ ಸಿಖ್ ಮನೆತನದ, ದೇವರನ್ನು ನಂಬದ ತರುಣನನ್ನು ನಾಯಕನನ್ನಾಗಿಸಿ ಪಾಕಿಸ್ತಾನದಲ್ಲಿ ಬರೆಯುವುದು ಎಂದರೆ ಪಠ್ಯಪುಸ್ತಕದ ಇತಿಹಾಸವನ್ನು ತಲೆಕೆಳಗು ಮಾಡಿದಂತೆ. ಆ ಪುಸ್ತಕಗಳಲ್ಲಿ ಸಿಂಧ್‌ನ ಇತಿಹಾಸ ಶುರುವಾಗುವುದೇ 712ರಲ್ಲಿ ಮುಹಮ್ಮದ್ ಬಿನ್ ಕಾಸಿಮ್ ಬಂದಾಗ. ಅವನಿಂದ ಸೋತು ಸತ್ತ ದಾಹಿರನೂ ನಮ್ಮ ಮಣ್ಣಿನವನೇ ಎಂಬುದು ಸಿಂಧಿ ಕೌಮ್‌ಪರಸ್ತರ, ಎಂದರೆ ರಾಷ್ಟ್ರವಾದಿಗಳ ವಾದ. ಹೀಗೆ ಅವರ ಮೇಲೆ ಎರಡು ಆಪಾದನೆ ಕೂಡಿಯೇ ಬಂದವು: ದೇಶಕ್ಕೆ ದ್ರೋಹಿ, ಧರ್ಮಕ್ಕೆ ವೈರಿ.

1962ರ ‘ಭಂವರ್ ಭಿರೇ ಆಕಾಸ್’, ಆಮೇಲಿನ ‘ಕುಲ್ಹೇ ಪಾತಮ್ ಕೀನರೋ’ ಎರಡೂ ಸಂಕಲನಗಳನ್ನು ಸರ್ಕಾರ ನಿಷೇಧಿಸಿತು. ಎರಡನೆಯದರ ಹೆಸರಿನಲ್ಲಿ ಕವಿ ತಂತಿವಾದ್ಯವನ್ನು ಹೆಗಲಿಗೇರಿಸಿಕೊಳ್ಳುತ್ತಾನೆ. ಸಿಂಧಿ ಓದುಗನಿಗೆ ಅಲ್ಲಿ ಬೀಜಲನ ನೆನಪಾಗದೆ ಇರದು. ಗಿರನಾರದ ದೊರೆ ರಾಯ್ ದಿಯಾಚನ ಮುಂದೆ ನುಡಿಸಿ, ಮೆಚ್ಚಿದ ದೊರೆ ಏನು ಬೇಕು ಕೇಳೆಂದಾಗ ತಲೆಯನ್ನೇ ಬೇಡಿದ ಗಾಯಕ ಆತ. ದೊರೆ ಕೊಟ್ಟ. ಹಾಡಿಗೆ ಆ ಬೆಲೆ ಉಂಟೆಂದು ನಂಬುವ ಜನರ ನಡುವೆ ಕವಿಗೆ ಸಿಗುವ ಸ್ಥಾನವೇ ಬೇರೆ. ನಮ್ಮ ಕಾಲದ ಸರ್ಕಾರಗಳು ಕವಿಗಳಿಗೆ ಹೆದರುವುದಿಲ್ಲ. ಆಗ ಅಲ್ಲಿ ಹೆದರುತ್ತಿದ್ದವು.

ಇನ್ನು ನೀವು ಕೇಳಿದ ಕವಿತೆ. 1965ರ ಸೆಪ್ಟೆಂಬರ್. ರೇಡಿಯೋ ತುಂಬ ಯುದ್ಧಗೀತೆ. ಉರ್ದುವಿನ, ಪಂಜಾಬಿಯ ದೊಡ್ಡ ದೊಡ್ಡ ಕವಿಗಳು ಸೈನಿಕರಿಗೆ ಹುರುಪು ತುಂಬುತ್ತಿದ್ದಾರೆ. ಅಯಾಜ್ ಬರೆದದ್ದು ನಾರಾಯಣ ಶ್ಯಾಮ್ ಎಂಬ ಗೆಳೆಯನ ಮೇಲೆ. ಶ್ಯಾಮ್ 1922ರಲ್ಲಿ ನವಾಬ್‌ಶಾಹ್ ಸೀಮೆಯ ಹಳ್ಳಿಯಲ್ಲಿ ಹುಟ್ಟಿ, ವಿಭಜನೆಯ ಮೇಲೆ ದಿಲ್ಲಿಗೆ ಬಂದು, ಅಂಚೆ ತಂತಿ ಇಲಾಖೆಯಲ್ಲಿ ನೌಕರಿ ಮಾಡಿಕೊಂಡು ಸಿಂಧಿಯಲ್ಲೇ ಬರೆದವರು. 1970ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅವರದು. ಅಯಾಜರ ಕವಿತೆಯ ತಿರುಳಿಷ್ಟು: ಯುದ್ಧದಲ್ಲಿ ಎದುರಾದವನು ಶ್ಯಾಮ್, ಮಾತು, ರೀತಿ, ಕವಿತೆಯ ಹಾದಿ ಎಲ್ಲ ಇಬ್ಬರಿಗೂ ಒಂದೇ, ಹೀಗಿರುವಾಗ ಗುರಿಯಿಡುವುದು ಹೇಗೆ? ಶಾಂತಿಯ ಉಪದೇಶ ಇಲ್ಲ, ಭಾರತ ಸರಿ ಎಂಬ ಮಾತಿಲ್ಲ. ಯುದ್ಧ ಒಳ್ಳೆಯದೋ ಕೆಟ್ಟದೋ ಎಂದೂ ಕೇಳುವುದಿಲ್ಲ. ಎದುರಿಗಿರುವವನ ಹೆಸರನ್ನು ಹೇಳುತ್ತದೆ, ಅಷ್ಟೆ. ‘ಶತ್ರು’ ಎಂಬುದು ಹೆಸರಿಲ್ಲದವನಿಗೆ ಮಾತ್ರ ಸಲ್ಲುವ ಪಟ್ಟ, ಹೆಸರು ಬಂದ ಕೂಡಲೇ ಅದು ಕಳಚಿಬೀಳುತ್ತದೆ. ಆ ಹೆಸರು ಹಿಂದೂ ಹೆಸರಾಗಿದ್ದದ್ದು ಕೆರಳಿದವರಿಗೆ ಸಾಕಾಯಿತು. ಪತ್ರಿಕೆಗಳಲ್ಲಿ ಬೈಗುಳ, ಮಸೀದಿಗಳಲ್ಲಿ ಖಂಡನೆ, ಮುಂದೆ ಬಂಧನ.

ಈ ಕವಿತೆಯನ್ನು ನಮ್ಮ ಕಡೆ ಹಿಂದೂ-ಮುಸ್ಲಿಂ ಭಾಯಿಭಾಯಿಯ ಲೆಕ್ಕಕ್ಕೆ ಹಾಕುವುದುಂಟು. ಅದೂ ಪೂರ್ತಿ ಸರಿಯಲ್ಲ. ಶ್ಯಾಮ್ ಹಿಂದೂ ಎಂಬ ಕಾರಣಕ್ಕಲ್ಲ, ಸಿಂಧಿ ಎಂಬ ಕಾರಣಕ್ಕೆ ಅಯಾಜ್ ಗುರಿಯಿಡಲಾರರು. ಹಾಗಾದರೆ ಎದುರಿಗೆ ಇರುವವನು ಒಬ್ಬ ತಮಿಳನೋ ಕನ್ನಡಿಗನೋ ಆಗಿದ್ದರೆ? ಕವಿತೆ ಆ ಪ್ರಶ್ನೆಗೆ ಉತ್ತರಿಸುವುದಿಲ್ಲ. ರಾಷ್ಟ್ರವಾದಿ ಕವಿಯ ಮಿತಿ ಅದು. ಇದನ್ನು ಮರೆಮಾಚಿ ಅವರನ್ನು ವಿಶ್ವಮಾನವ ಎಂದು ಹೊಗಳಿದರೆ ಅವರಿಗೇ ಅನ್ಯಾಯ. ಬೇರೆ ಕವಿತೆಗಳಲ್ಲಿ ಅವರು ಆ ಗೆರೆಯನ್ನು ದಾಟಿದ್ದಾರೆ. 1971ರಲ್ಲಿ ಪೂರ್ವ ಬಂಗಾಳದ ಮೇಲೆ ಸೈನ್ಯ ಬಿದ್ದಾಗ ಪಶ್ಚಿಮದಲ್ಲಿ ಬಾಯಿಬಿಟ್ಟವರು ಬೆರಳೆಣಿಕೆಯ ಮಂದಿ, ಅವರಲ್ಲಿ ಅಯಾಜ್ ಒಬ್ಬರು. ಬಂಗಾಳಿಗಳೇನೂ ಅವರ ಭಾಷೆಯವರಲ್ಲ. ಅದಕ್ಕೂ ಜೈಲಾಯಿತು. ಒಮ್ಮೆ ಪಂಜಾಬಿನ ಸಾಹಿವಾಲ್ ಜೈಲಿನಲ್ಲಿ ಕಳೆದ ದಿನಗಳ ದಿನಚರಿ ಪುಸ್ತಕವಾಗಿ ಬಂದಿದೆ. ಸಿಂಧಿ ಗದ್ಯದ ಒಳ್ಳೆಯ ಪುಸ್ತಕಗಳಲ್ಲಿ ಅದು ಒಂದು.

ಧೈರ್ಯ ಹೇಗೆ ಬಂತು ಎಂದು ಕೇಳಿದ್ದೀರಿ. ಒಬ್ಬರೇ ನಿಂತಿರಲಿಲ್ಲ. ಅವರಿಗಿಂತ ಹಿರಿಯರು ಹೈದರ್ ಬಕ್ಷ್ ಜತೋಯಿ, 1901ರಲ್ಲಿ ಹುಟ್ಟಿದವರು. ಡೆಪ್ಯುಟಿ ಕಲೆಕ್ಟರ್ ನೌಕರಿ ಬಿಟ್ಟು ಹಾರಿ ಕಮಿಟಿ ಸೇರಿ, ಗೇಣಿದಾರರ ಪಾಲಿಗಾಗಿ ಹೋರಾಡಿ, ಜೈಲಿಗೆ ಹೋಗಿ ಬರುತ್ತಲೇ ಇದ್ದ ಕವಿ. ‘ಜಿಯೇ ಸಿಂಧ್’ ಎಂಬ ಘೋಷ ಜನಕ್ಕೆ ಬಂದದ್ದು ಅವರ ಹಾಡಿನಿಂದ. ಒನ್ ಯೂನಿಟ್ ವಿರುದ್ಧ ಅಷ್ಟು ಬಡಿದಾಡಿದ ಜತೋಯಿ ತೀರಿಕೊಂಡದ್ದು 1970ರ ಮೇ 21ಕ್ಕೆ. ಒನ್ ಯೂನಿಟ್ ಮುರಿದದ್ದು ಜುಲೈ 1ಕ್ಕೆ. ಇನ್ನೊಬ್ಬರು ಮುಹಮ್ಮದ್ ಇಬ್ರಾಹಿಂ ಜೋಯೋ. 1947ರಲ್ಲಿ ಸಿಂಧ್ ಉಳಿಸಿ ಎಂದು ಪುಸ್ತಕ ಬರೆದು ಮೇಷ್ಟರ ಕೆಲಸ ಕಳೆದುಕೊಂಡವರು, ಆಮೇಲೆ ಸಿಂಧಿ ಅದಬಿ ಬೋರ್ಡಿನ ‘ಮೆಹ್ರಾನ್’ ಪತ್ರಿಕೆಯಲ್ಲಿ ಹೊಸಬರಿಗೆ ಜಾಗ ಮಾಡಿಕೊಟ್ಟವರು. ಮುಲ್ಲಾಗಳೂ ಬಲಪಂಥದ ವಿಮರ್ಶಕರೂ ಅಯಾಜರ ಮೇಲೆ ಬಿದ್ದಾಗ ವಕೀಲ ರಸೂಲ್ ಬಕ್ಷ್ ಪಲೀಜೋ ಅವರ ಪರವಾಗಿ ಒಂದಿಡೀ ಪುಸ್ತಕ ಬರೆದರು. ವೈದ್ಯರೇ ಕುರುಡರು, ಮೇಲಾಗಿ ತಲೆಕೆಳಗು ಎಂಬ ಅರ್ಥದ ಶೀರ್ಷಿಕೆ ಕೊಟ್ಟು ವಿಮರ್ಶಕರನ್ನು ಹರಿದು ಹಾಕಿದರು. ಊರೂರಿನಲ್ಲಿ ಶಾಖೆ ಇದ್ದ ಸಿಂಧಿ ಅದಬಿ ಸಂಗತ್ ವಾರದ ಬೈಠಕ್ ಮಾಡಿ ಕವಿತೆ ಓದಿಸುತ್ತಿತ್ತು. ಜರೀನಾ ಬಲೋಚ್ ಸಭೆಗಳಲ್ಲಿ ಹಾಡುತ್ತಿದ್ದರು. 1967ರ ಮಾರ್ಚ್ 4ರಂದು ಜಾಮ್‌ಶೋರೋದ ವಿದ್ಯಾರ್ಥಿಗಳು ಬಸ್ಸಿನಲ್ಲಿ ಸಿಂಧ್‌ನ ಹೈದರಾಬಾದಿಗೆ ಹೊರಟಾಗ ಪೊಲೀಸರು ದಾರಿಯಲ್ಲಿ ತಡೆದು ಬಡಿದರು. ಆ ದಿನವನ್ನು ಅಲ್ಲಿ ಇಂದಿಗೂ ಆಚರಿಸುತ್ತಾರೆ. ಅಯಾಜರ ಹಾಡು ಬಾಯಿಪಾಠ ಮಾಡಿದ್ದ ತಲೆಮಾರು ಅದು. ಹಾಡು ಇವರಿಂದ ಅವರಿಗೆ ಹೋಯಿತೋ, ಬಿಸಿ ಅವರಿಂದ ಇವರಿಗೆ ಬಂತೋ, ಬಿಡಿಸಿ ಹೇಳುವುದು ಕಷ್ಟ.

ಈವರೆಗಿನದು ಅಭಿಮಾನಿಗಳು ಹೇಳುವ ಅಯಾಜ್. ಆ ಅಭಿಮಾನಿಗಳು ತಡವರಿಸುವ ಭಾಗ ಇನ್ನು ಮುಂದೆ. ಒನ್ ಯೂನಿಟ್ ಹೋಯಿತು, ಸಿಂಧ್ ಮತ್ತೆ ನಕಾಶೆಗೆ ಬಂತು, ಕರಾಚಿಯೂ ಮರಳಿ ಸೇರಿತು. ಸಿಂಧ್‌ನವರೇ ಆದ ಜುಲ್ಫಿಕರ್ ಅಲಿ ಭುಟ್ಟೋ ಅಧಿಕಾರ ಹಿಡಿದರು. 1972ರ ಜುಲೈನಲ್ಲಿ ವಿಧಾನಸಭೆ ಸಿಂಧಿ ಭಾಷಾ ಮಸೂದೆ ಒಪ್ಪಿದಾಗ ಕರಾಚಿಯಲ್ಲಿ ಉರ್ದು ಮಾತಾಡುವವರು ಬೀದಿಗಿಳಿದರು, ರಕ್ತ ಹರಿಯಿತು. ಭುಟ್ಟೋ ಅಯಾಜರನ್ನು 1976ರಲ್ಲಿ ಸಿಂಧ್ ವಿಶ್ವವಿದ್ಯಾಲಯದ ಕುಲಪತಿ ಮಾಡಿದರು. ಹತ್ತಾರು ವರ್ಷ ಅಧಿಕಾರವನ್ನು ಬೈದ ಕವಿ ಆ ಕುರ್ಚಿಯಲ್ಲಿ ಕೂತರು. ಮರುವರ್ಷ ಜಿಯಾ ಉಲ್ ಹಕ್ ದಂಗೆ ಎದ್ದು ಭುಟ್ಟೋರನ್ನು ಕೆಳಗಿಳಿಸಿದರು, 1979ರ ಏಪ್ರಿಲ್ 4ರಂದು ಗಲ್ಲಿಗೇರಿಸಿದರು. ದಂಗೆಯ ಮೇಲೂ ಕುಲಪತಿಗಳ ಅವಧಿ ಮುಂದುವರಿಯಿತು. ಕೌಮ್‌ಪರಸ್ತ ತರುಣರು ಇದನ್ನು ಕ್ಷಮಿಸಲಿಲ್ಲ. ಅವರ ಹಾಡನ್ನು ಹಾಡುತ್ತಾ ಲಾಠಿ ತಿಂದವರಿಗೆ ನೋವಾದದ್ದು ಸಹಜ.

ಕುಲಪತಿ ಆದದ್ದನ್ನು ನಾನು ದೊಡ್ಡ ತಪ್ಪೆಂದು ಎಣಿಸುವುದಿಲ್ಲ. ಸಿಂಧಿಯಲ್ಲಿ ಉನ್ನತ ಶಿಕ್ಷಣ ಬೇಕೆಂದು ಕೂಗಿದವನು ಸಿಂಧ್‌ನ ವಿಶ್ವವಿದ್ಯಾಲಯ ನಡೆಸು ಎಂದಾಗ ಒಲ್ಲೆ ಎಂದರೆ ಅದೂ ಒಂದು ಬಗೆಯ ಜಾರಿಕೊಳ್ಳುವಿಕೆ. ಆದರೆ ಸೈನಿಕ ಆಡಳಿತ ಬಂದ ಮೇಲೂ ಅಲ್ಲೇ ಉಳಿದದ್ದು ಬೇರೆ ಮಾತು. ಅದಕ್ಕೆ ಸಮರ್ಥನೆ ಹುಡುಕಲು ನನಗೆ ಮನಸ್ಸಿಲ್ಲ. 1983ರಲ್ಲಿ ಜಿಯಾ ವಿರುದ್ಧ, ಪ್ರಜಾಪ್ರಭುತ್ವ ಮರಳಿ ಬೇಕೆಂಬ ಎಂ.ಆರ್.ಡಿ. ಚಳವಳಿ ಎದ್ದಾಗ ಸಿಂಧ್‌ನ ಹಳ್ಳಿಗಳು ಉರಿದವು, ಸೈನ್ಯ ಗುಂಡು ಹಾರಿಸಿತು. ಆಗ ಹಳ್ಳಿಗಳಲ್ಲಿ ಹೆಚ್ಚು ಕೇಳಿಬಂದ ದನಿಗಳಲ್ಲಿ ಉಸ್ತಾದ್ ಬುಖಾರಿಯಂಥವರದೂ ಇತ್ತು. ಅಯಾಜ್ ಹಳೆಯ ಪಟ್ಟದ ಕವಿಯಾಗಿದ್ದರು.

ಕೊನೆಯ ದಶಕದಲ್ಲಿ ಬರೆದದ್ದು ರಾಶಿ. ಒಟ್ಟು ಪುಸ್ತಕಗಳು ಐವತ್ತನ್ನು ಮೀರುತ್ತವೆ. ಎಲ್ಲವೂ ಒಂದೇ ಮಟ್ಟದ್ದಲ್ಲ. ಪುನರುಕ್ತಿ ಬಹಳ, ಚಂದ್ರ ತಾರೆ ಸುಗಂಧ ಬೇಕಾದಷ್ಟು. ಹೃದಯದ ಕಾಯಿಲೆ ಬಂದ ಮೇಲೆ ದೇವರ ಕಡೆ ಹೊರಳಿ ಪ್ರಾರ್ಥನೆಗಳ ಪುಸ್ತಕವನ್ನೇ ಬರೆದರು. ಒಂದು ಕಾಲಕ್ಕೆ ಕಾಫಿರ ಎಂದವರು ಮೀಸೆ ತಿರುವಿದರು, ಎಡಪಂಥದವರು ಮುಖ ಸಿಂಡರಿಸಿದರು. ಲತೀಫರನ್ನು ಹಗಲಿರುಳು ಓದಿದವನು, 1963ರಲ್ಲೇ ಇಡೀ ರಿಸಾಲೋವನ್ನು ಉರ್ದು ಪದ್ಯಕ್ಕೆ ತಂದವನು, ಮುಪ್ಪಿನಲ್ಲಿ ದೇವರ ಜೊತೆ ಮಾತಾಡಿದರೆ ಅದರಲ್ಲಿ ಅಚ್ಚರಿ ಏನಿದೆಯೋ ನನಗೆ ತಿಳಿಯದು. 1997ರ ಡಿಸೆಂಬರ್ 28ರಂದು ಕರಾಚಿಯಲ್ಲಿ ತೀರಿಕೊಂಡರು. ಮಣ್ಣು ಮಾಡಿದ್ದು ಭಿಟ್ ಶಾಹ್‌ನಲ್ಲಿ, ಲತೀಫರ ದರ್ಗಾದ ಬಳಿಯ ಕರಾರ್ ಕೆರೆಯ ದಂಡೆಯಲ್ಲಿ.

ಎಲ್ಲಿಂದ ಶುರು ಮಾಡಲಿ ಎಂಬ ಕೊನೆಯ ಪ್ರಶ್ನೆಗೆ ನನ್ನ ಸಲಹೆ: ಕಿವಿಯಿಂದ. ಅಬಿದಾ ಪರ್ವೀನ್ ಅಯಾಜರ ವಾಈಗಳನ್ನು ಹಾಡಿದ್ದಾರೆ, ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಮಾತು ಅರ್ಥವಾಗದಿದ್ದರೂ ಪಲ್ಲವಿ ಮರಳಿ ಮರಳಿ ಬರುವ ರೀತಿ, ಅದಕ್ಕೆ ಸಭೆ ದನಿಗೂಡಿಸುವ ರೀತಿ ಕೇಳಿ. ಆಮೇಲೆ ಮಾರುಈ, ರಾಯ್ ದಿಯಾಚ್, ದೋದೋ-ಚನೇಸರ್ ಕಥೆಗಳನ್ನು ತಿಳಿದುಕೊಳ್ಳಿ. ಅವಿಲ್ಲದೆ ಕವಿತೆ ಓದಿದರೆ ಅರ್ಧ ಕೈಗೆ ಬರುವುದಿಲ್ಲ. ಇಂಗ್ಲಿಷ್ ಓದುವಿರಾದರೆ ಆಸಿಫ್ ಫರ್ರುಖಿ ಮತ್ತು ಶಾ ಮುಹಮ್ಮದ್ ಪೀರ್‌ಜಾದಾ ಮಾಡಿದ ಆಯ್ದ ಕವಿತೆಗಳ ಅನುವಾದ ‘ದ ಸ್ಟಾರ್ಮ್ಸ್ ಕಾಲ್ ಫಾರ್ ಪ್ರೇಯರ್ಸ್’ ಇದೆ. ಉರ್ದು ಬಲ್ಲವರಿದ್ದರೆ ಫಹ್ಮೀದಾ ರಿಯಾಜ್ ಮಾಡಿದ ಅನುವಾದ ಓದಿಸಿಕೊಳ್ಳಿ, ಸ್ವತಃ ಒಳ್ಳೆಯ ಕವಿ, ಸಿಂಧ್‌ನ ಹೈದರಾಬಾದಿನಲ್ಲಿ ಬೆಳೆದವರು. ಗದ್ಯ ಇಷ್ಟವಾದರೆ ಸಾಹಿವಾಲ್ ಜೈಲಿನ ದಿನಚರಿ. ಹುಬ್ಬಳ್ಳಿಯಲ್ಲಿ ಸಿಂಧಿ ಮನೆತನದವರ ಪರಿಚಯವಿದ್ದರೆ, ಮನೆಯ ಹಿರಿಯರ ಮುಂದೆ ನಾರಾಯಣ ಶ್ಯಾಮ್ ಹೆಸರೆತ್ತಿ ನೋಡಿ. ಶ್ಯಾಮರ ಹೆಸರು ಬಂದ ಮೇಲೆ ಅಯಾಜರ ಹೆಸರನ್ನು ನೀವು ಹೇಳಬೇಕಾಗಿ ಬರಲಿಕ್ಕಿಲ್ಲ.